ಪದ್ಮಿನಿಯಲ್ಲಿ ಶಿರಾಡಿ ಇಳಿದು ಕಾರವಾರಕ್ಕೆ: ಏನೇನು ಮಾಡಿಸಬೇಕು?

ನೀಲಿ ಪದ್ಮಿನಿ: ನನ್ನ ಕಾರು 1975ರ ಪ್ರೀಮಿಯರ್ ಪದ್ಮಿನಿ, 1089 ಸಿಸಿ, ಬ್ಯಾಟರಿ ಚಾರ್ಜ್ ಮಾಡೋಕೆ ಇನ್ನೂ ಹಳೇ ಡೈನಮೋನೇ ಇದೆ. ಏಪ್ರಿಲ್‌ನಲ್ಲಿ ಬೆಂಗಳೂರು, ಸಕಲೇಶಪುರ, ಮಂಗಳೂರು, ಕಾರವಾರ, ಅದೇ ದಾರೀಲಿ ವಾಪಸ್. ಹೊರಡೋ ಮುಂಚೆ ಏನು ಮಾಡಿಸಲಿ?

ನಾಲ್ಕೂ ಡ್ರಮ್: ಮೊದಲು ಬ್ರೇಕ್. ನನ್ನ ಗಾಡಿಯ ಲೆಕ್ಕ: ಬ್ರೇಕ್ ಲೈನಿಂಗ್ 2,200 ರೂಪಾಯಿ, ಡ್ರಮ್ (ಚಕ್ರದ ಜೊತೆ ತಿರುಗೋ ಬ್ರೇಕ್ ಬಟ್ಟಲು) ಲೇತ್‌ನಲ್ಲಿ ಕೊರೆಸೋಕೆ 1,600, ಹೋಸ್ ಮೂರಕ್ಕೆ 1,350, ಆಯಿಲ್ 300. ಒಟ್ಟು 5,450, ಕೂಲಿ ಬೇರೆ. ಇದರಲ್ಲಿ ಲೇತ್ ಕೆಲಸ ದಂಡ ಆಯ್ತು. ಜಾಸ್ತಿ ಕೊರೆದರೆ ಡ್ರಮ್ ತೆಳ್ಳಗಾಗಿ ಬೇಗ ಕಾಯುತ್ತೆ, ಘಾಟಿ ಅರ್ಧ ಇಳಿಯೋದ್ರಲ್ಲಿ ಪೆಡಲ್ ಒತ್ತಿದರೂ ಹಿಡಿಯಲ್ಲ. ಡ್ರಮ್ ಸವೆದು ಅಂಡಾಕಾರ ಆಗಿದ್ದರೆ ಅದು ಹೋಗುವಷ್ಟು ಮಾತ್ರ ಕೊರೆಸಿ. ಹಳೇ ಹೋಸ್ ಹೊರಗೆ ಚೆನ್ನಾಗಿ ಕಂಡರೂ ಒಳಗೆ ಊದಿಕೊಂಡಿರುತ್ತೆ: ಆಯಿಲ್ ಹೋಗುತ್ತೆ, ವಾಪಸ್ ಬರಲ್ಲ, ಒಂದು ಚಕ್ರ ಹಿಡಿದುಕೊಂಡೇ ಓಡುತ್ತೆ. ಡಾಟ್ 3 ಬ್ರೇಕ್ ಆಯಿಲ್ ಹೊಸದಿದ್ದಾಗ 205 ಡಿಗ್ರಿವರೆಗೂ ಕುದಿಯಲ್ಲ, ನೀರು ಹೀರಿದ ಮೇಲೆ 140ಕ್ಕೇ ಕುದಿಯಬಹುದು. ಪೂರ್ತಿ ಬದಲಿಸಿ. ಇಳಿಯುವಾಗ ಸೆಕೆಂಡ್ ಗೇರ್, ನ್ಯೂಟ್ರಲ್ ಮಾತೇ ಬೇಡ.

ಜೇಸಿ ರೋಡ್ ಗಿರಾಕಿ: ಬ್ರೇಕ್ ಸರಿ, ಆದ್ರೆ ವಾಪಸ್ ಹತ್ತುವಾಗ ಸಾಯ್ಸೋದು ಪೆಟ್ರೋಲ್. ಇಂಜಿನ್‌ಗೆ ಅಂಟಿಕೊಂಡಿರೋ ಮೆಕ್ಯಾನಿಕಲ್ ಪಂಪ್ ಕಾದು, ಪೈಪಲ್ಲೇ ಪೆಟ್ರೋಲ್ ಆವಿ ಆಗುತ್ತೆ. ಒದ್ದೆ ಬಟ್ಟೆ ಸುತ್ತೋದು ಹತ್ತು ನಿಮಿಷದ ಮದ್ದು. ಎಲೆಕ್ಟ್ರಿಕ್ ಪಂಪ್ ಹಾಕಿಸಿ, ಆದ್ರೆ ಟ್ಯಾಂಕ್ ಪಕ್ಕದಲ್ಲಿ, ಕೆಳಗೆ. ಅದಕ್ಕೆ ತಳ್ಳೋದು ಗೊತ್ತು, ಎಳೆಯೋದು ಬರಲ್ಲ. ಒತ್ತಡ 2ರಿಂದ 3 ಪಿಎಸ್‌ಐ ಸಾಕು. ಇಂಜೆಕ್ಷನ್ ಗಾಡಿಯ ಜಾಸ್ತಿ ಒತ್ತಡದ ಪಂಪ್ ತಂದು ಹಾಕಿದರೆ ಪೆಟ್ರೋಲ್ ತಡೆಯೋ ಫ್ಲೋಟ್ ಸೂಜಿ ಸೋಲುತ್ತೆ, ಸೋಲೆಕ್ಸ್ ಕಾರ್ಬ್ಯುರೇಟರ್ ತುಂಬಿ ಹೊರಗೆ ಸುರಿಯುತ್ತೆ. ಎಥನಾಲ್ ಪೆಟ್ರೋಲ್‌ಗೆ ಹಳೇ ರಬ್ಬರ್ ಪೈಪು, ಪಂಪ್ ಡಯಾಫ್ರಮ್ ಎರಡೂ ತಡೆಯಲ್ಲ, ಬದಲಿಸಿ.

ನಾಲ್ಕೂ ಡ್ರಮ್: ಗಾಡಿ ಎಲ್ಲಾದರೂ ಗುದ್ದಿ ಪೈಪ್ ಕಿತ್ತುಬಂದರೆ ಆ ಪಂಪ್ ಓಡ್ತಾನೇ ಇರುತ್ತಲ್ಲ ಸ್ವಾಮಿ? ಬಿಸಿ ಇಂಜಿನ್ ಮೇಲೆ ಪೆಟ್ರೋಲ್ ಅಭಿಷೇಕ. ಅದನ್ನ ಯಾಕೆ ಹೇಳಲಿಲ್ಲ?

ಜೇಸಿ ರೋಡ್ ಗಿರಾಕಿ: ಇಂಜಿನ್ ಆಯಿಲ್ ಪ್ರೆಶರ್ ಸ್ವಿಚ್ ಮೂಲಕ ಪಂಪ್‌ಗೆ ರಿಲೇ ಹಾಕಿದರೆ ಇಂಜಿನ್ ನಿಂತ ಕೂಡಲೇ ಪಂಪೂ ನಿಲ್ಲುತ್ತೆ. ಗೊತ್ತಿಲ್ಲದಿದ್ದರೆ ಕೇಳಿ, ಹೆದರಿಸಬೇಡಿ.

ಹಿತ್ತಾಳೆ ರೇಡಿಯೇಟರ್: ನೀವಿಬ್ಬರೂ ಕಿತ್ತಾಡಿ. ಆ ಸೆಕೆಗೆ ಕೈ ಕೊಡೋದು ರೇಡಿಯೇಟರ್. ಅದರ ಟ್ಯಾಂಕ್ ಬಿಚ್ಚಿಸಿ ಕೊಳವೆಗಳೊಳಗೆ ಸಲಾಕೆ ಹೊಡೆಸಿ. ಬರೀ ನೀರು ಬಿಟ್ಟು ತೊಳೆದರೆ ಸುಣ್ಣ ಹೋಗಲ್ಲ. ಕೆಳಗಿನ ಹೋಸ್ ಮೆತ್ತಗಾಗಿದ್ದರೆ ವೇಗದಲ್ಲಿ ನೀರಿನ ಪಂಪ್ ಎಳೆತಕ್ಕೆ ಚಪ್ಪಟೆಯಾಗುತ್ತೆ. ಗ್ಯಾರೇಜಲ್ಲಿ ನಿಲ್ಲಿಸಿ ನೋಡಿದರೆ ಗೊತ್ತೇ ಆಗಲ್ಲ! ಇಗ್ನಿಷನ್ ಟೈಮಿಂಗ್ (ಕಿಡಿ ಹಾರೋ ಸಮಯ) ಹಿಂದಿದ್ದರೂ ಇಂಜಿನ್ ಕಾಯುತ್ತೆ. ಎಲೆಕ್ಟ್ರಿಕ್ ಫ್ಯಾನ್ ಡೈನಮೋ ಗಾಡಿಗೆ ಬೇಡವೇ ಬೇಡ. ಐಡಲ್‌ನಲ್ಲಿ, ಅಂದ್ರೆ ಗಾಡಿ ನಿಂತು ಇಂಜಿನ್ ಓಡ್ತಿರುವಾಗ, ಡೈನಮೋ ಚಾರ್ಜೇ ಮಾಡಲ್ಲ, ಫ್ಯಾನ್ ಬೇಕಾಗೋದೂ ಆಗಲೇ. ರಾತ್ರಿ ಹೆಡ್‌ಲೈಟ್ ಸೇರಿದರೆ ಬ್ಯಾಟರಿ ಮಲಗಿತು.

ಅಂಬಾಸಿಡರ್ ಮನೆತನ: ಇಷ್ಟೆಲ್ಲ ಮಾಡಿಸೋ ದುಡ್ಡಿಗೆ 1489 ಸಿಸಿ ಅಂಬಾಸಿಡರ್ ತಗೊಂಡು ಮೂರನೇ ಗೇರಲ್ಲಿ ಘಾಟಿ ಹತ್ತಬಹುದಿತ್ತು.

ಹಿತ್ತಾಳೆ ರೇಡಿಯೇಟರ್: ಕೇಳಿದ್ದು ಪದ್ಮಿನಿ ವಿಷಯ ಅಣ್ಣಾ.

ಹಳೇ ಆರ್‌ಸಿ: ಒಂದು ವಿಷಯ ಯಾರೂ ಎತ್ತಲಿಲ್ಲ. ಗಾಡಿಗೆ 50 ವರ್ಷ ಆಯ್ತು ಅಂತ 2021ರ ನಿಯಮದಲ್ಲಿ ವಿಂಟೇಜ್ ನೋಂದಣಿ ಮಾಡಿಸಿ 'ವಿಎ' ನಂಬರ್ ಹಾಕಿಸಬೇಡಿ. ಆಮೇಲೆ ಪ್ರದರ್ಶನ, ರ‍್ಯಾಲಿ, ಪೆಟ್ರೋಲ್, ರಿಪೇರಿ ಇಂಥದ್ದಕ್ಕೆ ಮಾತ್ರ ರಸ್ತೆಗೆ ಇಳಿಸಬಹುದು. ಹಳೇ ನಂಬರಲ್ಲೇ ಆರ್‌ಸಿ ಐದೈದು ವರ್ಷಕ್ಕೆ ನವೀಕರಿಸಿ.

ಅಂಬಾಸಿಡರ್ ಮನೆತನ: ವಿಎ ನಂಬರ್ ಅಂದ್ರೆ ಗೌರವ. ರ‍್ಯಾಲಿ ಅಂತ ಹೇಳಿಕೊಂಡು ಹೋದರಾಯ್ತು.

ಹಳೇ ಆರ್‌ಸಿ: ಕಾರವಾರದ ಬೀಚಲ್ಲಿ ಯಾವ ರ‍್ಯಾಲಿ ಗುರು? ಅಪಘಾತ ಆದ ಮೇಲೆ ವಿಮೆಯವರ ಮುಂದೆ ಈ ಗೌರವ ತೋರಿಸು.

ನೀಲಿ ಪದ್ಮಿನಿ: ಜೊತೆಗೆ ಯಾವ ಬಿಡಿಭಾಗ ಒಯ್ಯಲಿ, ಅದನ್ನಾದರೂ ಹೇಳಿ.

ಜೇಸಿ ರೋಡ್ ಗಿರಾಕಿ: ಇಗ್ನಿಷನ್‌ನ ಸಿಬಿ ಪಾಯಿಂಟ್, ರೋಟರ್, ಆಮೇಲೆ ಫ್ಯಾನ್ ಬೆಲ್ಟ್, ಟ್ಯೂಬ್ ಎರಡು, ಐದು ಲೀಟರ್ ನೀರು. ಇಗ್ನಿಷನ್ ಕಂಡೆನ್ಸರ್ ಮಾತ್ರ ಹೊಸದನ್ನ ಪ್ಯಾಕೆಟ್‌ನಲ್ಲಿ ಒಯ್ಯಬೇಡಿ, ಈಗಿನವು ಕಾದ ಕೂಡಲೇ ಸಾಯ್ತವೆ. ಹೊಸದನ್ನ ಈಗಲೇ ಹಾಕಿ ಒಂದು ತಿಂಗಳು ಓಡಿಸಿ. ಬಿಚ್ಚಿದ ಹಳೇದು ಡಿಕ್ಕಿಯಲ್ಲಿರಲಿ.