ಹಾರ್ಡ್‌ಡಿಸ್ಕ್ ಇದ್ದಕ್ಕಿದ್ದಂತೆ ನಿಧಾನ: ಡೇಟಾ ಮೊದಲು, ರಿಪೇರಿ ಆಮೇಲೆ

ಮೂಡಿಗೆರೆಯಿಂದ ಪ್ರಶ್ನೆ:
ನಾನು ಎಸ್ಟೇಟಿನ ರೈಟರ್ (ಲೆಕ್ಕ ಬರೆಯುವವನು). ಆಫೀಸಿನ ಡೆಸ್ಕ್‌ಟಾಪ್. 1 ಟಿಬಿ ಹಾರ್ಡ್‌ಡಿಸ್ಕ್, 8 ಜಿಬಿ ರ‍್ಯಾಮ್, ವಿಂಡೋಸ್ 10. ಮೊನ್ನೆವರೆಗೂ ಚೆನ್ನಾಗಿತ್ತು. ಈಗ ಆನ್ ಆಗೋಕೆ ಹತ್ತು ನಿಮಿಷದ ಮೇಲೆ ಹಿಡಿಯುತ್ತೆ. ಟಾಸ್ಕ್ ಮ್ಯಾನೇಜರ್‌ನಲ್ಲಿ ಡಿಸ್ಕ್ ಶೇ. 100ಕ್ಕೆ ನಿಂತಿರುತ್ತೆ, ಕಾಪಿ ಹಾಕಿದರೆ ವೇಗ ಸೊನ್ನೆಗೆ ಬಿದ್ದು ಮತ್ತೆ ಏಳುತ್ತೆ. ಆಳುಗಳ ಹಾಜರಿ-ಕೂಲಿ ಬರೆಯುವ ಚೆಕ್‌ರೋಲ್, ಟ್ಯಾಲಿ ಲೆಕ್ಕ ಎಲ್ಲಾ ಇದರಲ್ಲೇ ಇದೆ. ಮಳೆ ಹಿಡಿದ ಮೇಲೆ ಕರೆಂಟ್ ಪದೇ ಪದೇ ಹೋಗ್ತಿದೆ. ಚೆಕ್‌ಡಿಸ್ಕ್ (ಡಿಸ್ಕಿನ ತಪ್ಪು ಹುಡುಕುವ ವಿಂಡೋಸ್ ಕಮಾಂಡ್) ಹಾಕಲಾ, ಫಾರ್ಮ್ಯಾಟ್ ಮಾಡಲಾ?

ಹಾಸನದಿಂದ:
ರೈಟರೇ, ಎರಡೂ ಬೇಡ. ಚೆದುರಿದ ಫೈಲುಗಳನ್ನು ಒಟ್ಟುಗೂಡಿಸುವ ಡಿಫ್ರಾಗ್ ಕೂಡ ಬೇಡ. ಚೆಕ್‌ಡಿಸ್ಕ್‌ಗೆ ಸ್ಲ್ಯಾಶ್ ಆರ್ ಕೊಟ್ಟರೆ ಡಿಸ್ಕಿನ ಮೂಲೆಮೂಲೆಯನ್ನೂ ಓದಿಸುತ್ತದೆ. ಸಾಯುತ್ತಿರುವ ಡಿಸ್ಕಿಗೆ ಅಷ್ಟು ಕೆಲಸ ಕೊಟ್ಟರೆ ಅರ್ಧದಲ್ಲೇ ಕೈಕೊಡಬಹುದು.

ಮೊದಲು ಟ್ಯಾಲಿ ಮುಚ್ಚಿ, ಅದರ ಡೇಟಾ ಫೋಲ್ಡರ್ ಮತ್ತು ಚೆಕ್‌ರೋಲ್ ಫೈಲುಗಳನ್ನು ಪೆನ್‌ಡ್ರೈವ್‌ಗೋ ಹೊರಗಿನ ಡಿಸ್ಕಿಗೋ ಹಾಕಿಕೊಳ್ಳಿ. ಫೋಟೊ, ವಿಡಿಯೊ ಆಮೇಲೆ. ಸಾಮಾನ್ಯ ಕಾಪಿ ಮಧ್ಯದಲ್ಲಿ ನಿಂತರೆ ವಿಂಡೋಸಿನಲ್ಲೇ ಇರುವ ರೋಬೋಕಾಪಿ ಕಮಾಂಡ್ ಬಳಸಿ. ಆದರೆ ಅದನ್ನು ಹಾಗೇ ಬಿಟ್ಟರೆ ಓದಲಾಗದ ಒಂದೇ ಫೈಲಿಗೆ 30 ಸೆಕೆಂಡ್ ಬಿಟ್ಟು ಬಿಟ್ಟು 10 ಲಕ್ಷ ಸಲ ಪ್ರಯತ್ನಿಸುತ್ತದೆ. ಸ್ಲ್ಯಾಶ್ ಆರ್ ಕೋಲನ್ 1, ಸ್ಲ್ಯಾಶ್ ಡಬ್ಲ್ಯೂ ಕೋಲನ್ 1 (/R:1 /W:1) ಅಂತ ಸೇರಿಸಿದರೆ ಇನ್ನೊಂದೇ ಸಲ ನೋಡಿ ಮುಂದಕ್ಕೆ ಹೋಗುತ್ತದೆ. ಒಳಗಿನ ಫೋಲ್ಡರುಗಳೂ ಬರಬೇಕಾದರೆ ಸ್ಲ್ಯಾಶ್ ಇ ಬೇಕು.

ಚಿಕ್ಕಮಗಳೂರಿನಿಂದ:
ಕಾಪಿ ಆದ ಮೇಲೆ ಕ್ರಿಸ್ಟಲ್‌ಡಿಸ್ಕ್‌ಇನ್ಫೋ ತಂತ್ರಾಂಶ ಹಾಕಿ ಸ್ಮಾರ್ಟ್ ಪಟ್ಟಿ (ಡಿಸ್ಕ್ ತನ್ನ ಆರೋಗ್ಯದ ಬಗ್ಗೆ ತಾನೇ ಇಡುವ ಲೆಕ್ಕ) ನೋಡಿ. ಮೇಲೆ ನೀಲಿ ಬಣ್ಣದಲ್ಲಿ ‘ಗುಡ್’ ಅಂತ ಬಂದರೂ ನಂಬಿ ಕೂರಬೇಡಿ, ನೋಡಬೇಕಾದ್ದು ಕೊನೆಯ ಕಾಲಮ್ಮಿನ ರಾ ವ್ಯಾಲ್ಯೂ. 05 ಅಂದರೆ ಡಿಸ್ಕ್ ಈಗಾಗಲೇ ಕೈಬಿಟ್ಟು ಬದಲಿ ಜಾಗ ಕೊಟ್ಟ ಸೆಕ್ಟರುಗಳು (ಡಿಸ್ಕಿನ ಸಣ್ಣ ಸಣ್ಣ ತುಂಡು ಜಾಗಗಳು). ಸಿ5 ಅಂದರೆ ಓದಲಾಗದೆ, ಬದಲಿಸಲೂ ಆಗದೆ ತೂಗುತ್ತಿರುವವು. ಸಿ7 ಮಾತ್ರ ಬೇರೆ ಜಾತಿ: ಡಿಸ್ಕಿಗೂ ಮದರ್‌ಬೋರ್ಡಿಗೂ ನಡುವಿನ ಸಾಟಾ ಕೇಬಲ್ಲಿನಲ್ಲಿ ಡೇಟಾ ಕೆಟ್ಟ ಲೆಕ್ಕ. ಈ ಸಾಲುಗಳಲ್ಲಿ ಅಂಕಿ ಹದಿನಾರರ ಲೆಕ್ಕದಲ್ಲಿರುತ್ತದೆ, 28 ಅಂತ ಕಂಡರೆ ಅದು 40 (ಎರಡು ಹದಿನಾರು, ಮೇಲೆ ಎಂಟು). ಫಂಕ್ಷನ್ ಮೆನುವಿನ ಅಡ್ವಾನ್ಸ್‌ಡ್ ಫೀಚರ್ ಒಳಗೆ ದಶಮಾನಕ್ಕೆ ಬದಲಿಸಿಕೊಳ್ಳಬಹುದು. ಸೀಗೇಟ್ ಡಿಸ್ಕಾದರೆ 01, 07ರಲ್ಲಿ ದೊಡ್ಡ ದೊಡ್ಡ ಅಂಕಿ ಕಾಣುತ್ತದೆ, ಅದು ಸಹಜ.

ನಿಧಾನ ಯಾಕಾಗುತ್ತದೆ ಅಂದರೆ, ನಿಮಿಷಕ್ಕೆ 5400 ಸುತ್ತು ತಿರುಗುವ ತಟ್ಟೆಗೆ ಒಂದು ಸುತ್ತಿಗೆ 11 ಮಿಲಿಸೆಕೆಂಡ್ ಬೇಕು. ಓದಲಾಗದ ಸೆಕ್ಟರ್ ಸಿಕ್ಕಿದಾಗ ಡಿಸ್ಕ್ ಸುಮ್ಮನೆ ಬಿಡುವುದಿಲ್ಲ, ಅದೇ ಜಾಗ ಮತ್ತೆ ಓದುವ ತಲೆಯ (ಹೆಡ್) ಕೆಳಗೆ ಬರಲಿ ಅಂತ ಕಾದು ನೂರಾರು ಸಲ ಓದಲು ನೋಡುತ್ತದೆ. ಅಲ್ಲೇ ಸೆಕೆಂಡುಗಟ್ಟಲೆ ಹೋಗುತ್ತದೆ. ಆ ಸೆಕ್ಟರಿನಲ್ಲಿ ವಿಂಡೋಸಿನ ಫೈಲೇ ಇದ್ದರೆ ಇಡೀ ಮಷಿನ್ ಗಟ್ಟಿಯಾಗಿ ನಿಂತುಬಿಡುತ್ತದೆ. ಟಾಸ್ಕ್ ಮ್ಯಾನೇಜರ್‌ನಲ್ಲಿ ಶೇ. 100ಕ್ಕಿಂತ ಆವರೇಜ್ ರೆಸ್ಪಾನ್ಸ್ ಟೈಮ್ ನೋಡಿ. ಹತ್ತಿಪ್ಪತ್ತು ಮಿಲಿಸೆಕೆಂಡ್ ಸರಿ. ವೇಗ 1 ಎಂಬಿಯೂ ಇಲ್ಲದೆ ಇದು ಸಾವಿರ ದಾಟಿದರೆ ತೊಂದರೆ ಡಿಸ್ಕ್, ಕೇಬಲ್, ಪವರ್ ಇವುಗಳಲ್ಲೇ.

ಸಕಲೇಶಪುರದಿಂದ:
ಈ ಕಡೆ ಮಳೆಗಾಲದಲ್ಲಿ ಕೇಬಲ್ಲಿನ ಕಡೆ ಗಮನ ಇರಲಿ. ಮಲೆನಾಡಿನ ತೇವಕ್ಕೆ ಸಾಟಾ ಕನೆಕ್ಟರಿನ ಮೇಲೆ ಪೊರೆ ಕಟ್ಟುತ್ತದೆ. ಸಿ7 ಏರುತ್ತಾ ಇದ್ದು 05, ಸಿ5 ಸೊನ್ನೆ ಇದ್ದರೆ ಡಿಸ್ಕನ್ನು ಬೈಯಬೇಡಿ. ಸ್ವಿಚ್ ಆಫ್ ಮಾಡಿ ಪ್ಲಗ್ ಕಿತ್ತು, ಹೊಸ ಸಾಟಾ ಕೇಬಲ್ ಹಾಕಿ, ಮದರ್‌ಬೋರ್ಡಿನ ಬೇರೆ ಪೋರ್ಟಿಗೆ ಕೊಡಿ. ಸಿ7ರ ಹಳೆಯ ಅಂಕಿ ಇಳಿಯುವುದಿಲ್ಲ. ಇವತ್ತಿನದು ಬರೆದಿಟ್ಟುಕೊಂಡು ನಾಲ್ಕು ದಿನ ಬಿಟ್ಟು ನೋಡಿ, ಅಷ್ಟೇ ಇದ್ದರೆ ವಾಸಿಯಾದಂತೆ.

ಎಸ್‌ಎಂಪಿಎಸ್ (ಮಷಿನ್ನಿನ ಒಳಗೆ ಕರೆಂಟ್ ಕೊಡುವ ಪೆಟ್ಟಿಗೆ) ಕೂಡ ಅಳೆಸಿ. ಡಿಸ್ಕ್ ಓಡುತ್ತಿರುವಾಗಲೇ ಹಳದಿ ತಂತಿಯಲ್ಲಿ 11.4ರಿಂದ 12.6, ಕೆಂಪಿನಲ್ಲಿ 4.75ರಿಂದ 5.25 ವೋಲ್ಟ್ ಒಳಗಿರಬೇಕು. ಕರೆಂಟ್ ಹೋದ ತಕ್ಷಣ ಮಷಿನ್ ಆರಿದರೆ ಯುಪಿಎಸ್ ಬ್ಯಾಟರಿ ಮುಗಿದಿದೆ. ಸಣ್ಣ ಯುಪಿಎಸ್‌ಗಳಲ್ಲಿ ಸಾಮಾನ್ಯವಾಗಿ 12 ವೋಲ್ಟ್ 7 ಎಎಚ್ ಬ್ಯಾಟರಿ ಇರುತ್ತದೆ. ಬರೆಯುತ್ತಿರುವಾಗ ಕರೆಂಟ್ ಹೋದರೆ ಸೆಕ್ಟರ್ ಅರ್ಧಂಬರ್ಧ ಬರೆದು ಸಿ5ಕ್ಕೆ ಸೇರಬಹುದು. ತಟ್ಟೆಗೆ ಗಾಯ ಆಗಿಲ್ಲದಿದ್ದರೆ ಆ ಜಾಗದಲ್ಲಿ ಮತ್ತೆ ಬರೆದಾಗ ಅದು ಪಟ್ಟಿಯಿಂದ ಹೋಗುತ್ತದೆ.

ಮೂಡಿಗೆರೆಯಿಂದ:
ಟ್ಯಾಲಿ, ಚೆಕ್‌ರೋಲ್ ಪೂರ್ತಿ ಬಂತು. 05 ಸೊನ್ನೆ. ಸಿ5ರಲ್ಲಿ 28, ಅಂದರೆ 40. ಸಿ7 ಸೊನ್ನೆ. ಈಗ?

ಹಾಸನದಿಂದ:
ಹಾಗಾದರೆ ಕೇಬಲ್ ಅಲ್ಲ. ಈಗಿನ ಡಿಸ್ಕುಗಳಲ್ಲಿ ಒಂದು ಭೌತಿಕ ಸೆಕ್ಟರ್ 4096 ಬೈಟ್, ಲೆಕ್ಕ ಮಾತ್ರ 512ರದ್ದು. ಅದಕ್ಕೇ ಎಷ್ಟೋ ಡಿಸ್ಕಿನಲ್ಲಿ ಸಿ5 ಎಂಟೆಂಟಾಗಿ ಏರುತ್ತದೆ. ನಿಮ್ಮ 40 ಬಹುಶಃ ಐದೇ ಜಾಗ. ಆದರೂ ಲೆಕ್ಕ ಇಡುವ ಮಷಿನ್ನಿಗೆ ಈ ಡಿಸ್ಕ್ ಇನ್ನು ಬೇಡ.

ಎಸ್‌ಎಸ್‌ಡಿ (ತಿರುಗುವ ತಟ್ಟೆ ಇಲ್ಲದ ಡಿಸ್ಕ್) ತನ್ನಿ. ಹಳೆ ಸಾಟಾ ಕೇಬಲ್ಲೇ ಆಗುತ್ತದೆ, ಎರಡೂವರೆ ಇಂಚಿನದಕ್ಕೆ ಒಂದು ಬ್ರಾಕೆಟ್ ಬೇಕು. ಡೇಟಾ ಬಂದಿರುವುದರಿಂದ ವಿಂಡೋಸ್ ಹೊಸದಾಗಿ ಹಾಕುವುದೇ ಒಳ್ಳೆಯದು, ಕೆಟ್ಟ ಸೆಕ್ಟರಿನ ಹಾಳು ಫೈಲನ್ನು ಹೊಸ ಡಿಸ್ಕಿಗೆ ಯಾಕೆ ಒಯ್ಯಬೇಕು? ನುಡಿ ಫಾಂಟುಗಳನ್ನು ಮರೆಯದೆ ಹಾಕಿ, ಇಲ್ಲದಿದ್ದರೆ ಹಳೆ ಕಡತಗಳಲ್ಲಿ ಕನ್ನಡದ ಬದಲು ಇಂಗ್ಲಿಷ್ ಅಕ್ಷರ, ಚಿಹ್ನೆಗಳ ಸಂತೆ ಕಾಣುತ್ತದೆ. ಇದ್ದದ್ದು ಇದ್ದ ಹಾಗೇ ಬೇಕು ಅಂದರೆ ಇಡೀ ಡಿಸ್ಕನ್ನು ನಕಲು ಮಾಡುವ ಕ್ಲೋನ್‌ಜಿಲ್ಲಾ ತಂತ್ರಾಂಶದಲ್ಲಿ ರೆಸ್ಕ್ಯೂ ಆಯ್ಕೆ ಗುರುತು ಮಾಡಿ, ಇಲ್ಲದಿದ್ದರೆ ಮೊದಲ ಕೆಟ್ಟ ಸೆಕ್ಟರಿಗೇ ನಿಲ್ಲುತ್ತದೆ. ಹೊಸ ಡಿಸ್ಕ್ ಹಳೆಯದರಷ್ಟು ಅಥವಾ ಅದಕ್ಕಿಂತ ದೊಡ್ಡದಿರಬೇಕು. ಯಾವುದು ಹಳೆಯದು, ಯಾವುದು ಹೊಸದು ಅಂತ ಸೀರಿಯಲ್ ನಂಬರ್ ನೋಡಿ ಖಚಿತ ಮಾಡಿಕೊಳ್ಳಿ. ಅದಲುಬದಲಾದರೆ ಖಾಲಿ ಡಿಸ್ಕೇ ನಿಮ್ಮ ಡೇಟಾ ಮೇಲೆ ಕೂರುತ್ತದೆ.

ಅರಸೀಕೆರೆಯಿಂದ:
ಇದೇ ಲಕ್ಷಣ ಇದ್ದು ಸ್ಮಾರ್ಟ್ ಪಟ್ಟಿ ಚೊಕ್ಕಟವಾಗಿರುವವರಿಗೆ ಒಂದು ಮಾತು. ಓದುವುದು ಸರಿಯಾಗಿದ್ದು, ದೊಡ್ಡ ಫೈಲ್ ಬರೆಯುವಾಗ ಮಾತ್ರ ಸ್ವಲ್ಪ ಹೊತ್ತಾದ ಮೇಲೆ ವೇಗ ಕುಸಿದರೆ ಅದು ಎಸ್‌ಎಂಆರ್ ಡಿಸ್ಕ್ ಇರಬಹುದು. ಅದರಲ್ಲಿ ಟ್ರ್ಯಾಕುಗಳು ಹಂಚು ಹೊದಿಸಿದ ಹಾಗೆ ಒಂದರ ಮೇಲೊಂದು ಸ್ವಲ್ಪ ಏರಿರುತ್ತವೆ, ಒಂದನ್ನು ತಿದ್ದಲು ಪಕ್ಕದವನ್ನೂ ಮತ್ತೆ ಬರೆಯಬೇಕು. ಅದು ರೋಗವಲ್ಲ, ಆನ್ ಇಟ್ಟು ಕೆಲಸ ಕೊಡದೆ ಬಿಟ್ಟರೆ ಸುಧಾರಿಸಿಕೊಳ್ಳುತ್ತದೆ. ಹೊರಗಿನ ಡಿಸ್ಕ್ 30–40 ಎಂಬಿಗೇ ನಿಂತರೆ ನೀಲಿ ಬಣ್ಣದ ಯುಎಸ್‌ಬಿ 3 ಪೋರ್ಟಿಗೆ ಬದಲಿಸಿ.

ಚಿಕ್ಕಮಗಳೂರಿನಿಂದ:
ರೈಟರೇ, ಹಳೆ ಡಿಸ್ಕ್ ಎಸೆಯುವ ಮುಂಚೆ ಲೇಬಲ್ಲಿನ ಸೀರಿಯಲ್ ನಂಬರನ್ನು ಕಂಪನಿಯ ತಾಣದಲ್ಲಿ ಹಾಕಿ, ವಾರಂಟಿ ಉಳಿದಿರಬಹುದು. ಇಲ್ಲದಿದ್ದರೆ, ಹೊಸ ಮಷಿನ್ನಿನಲ್ಲಿ ಎಲ್ಲಾ ಲೆಕ್ಕ ಸರಿಯಾಗಿ ತೆರೆಯುತ್ತಿದೆ ಅಂತ ಖಾತ್ರಿಯಾದ ಮೇಲೆ, ಕ್ವಿಕ್ ಗುರುತು ತೆಗೆದು ಪೂರ್ತಿ ಫಾರ್ಮ್ಯಾಟ್ ಮಾಡಿ. 1 ಟಿಬಿಗೆ ಮೂರು ಗಂಟೆಯಾದರೂ ಬೇಕು. ಆಮೇಲೆ ಸಿ5 ಸೊನ್ನೆಯಾಗಿ 05 ಕೂಡ ಸೊನ್ನೆಯಲ್ಲೇ ಉಳಿದರೆ ಅದು ಕರೆಂಟಿನ ಕಾಟವೇ, ಬ್ಯಾಕಪ್ಪಿನ ಎರಡನೇ ಪ್ರತಿ ಇಡಲು ಆಗುತ್ತದೆ. 05 ಏರಿದರೆ ಅದಕ್ಕೂ ಬೇಡ.