ಪದ ಬೇಕು: ಸ್ಕ್ರೂ ಜಾಕಿನ ‘ಸೆಲ್ಫ್ ಲಾಕಿಂಗ್’

ಎಲ್ಲರಿಗೂ ನಮಸ್ಕಾರ. ಐಟಿಐ ವರ್ಕ್‌ಶಾಪಿನ ಗೋಡೆಗೆ ಹಾಕುವ ಚಾರ್ಟು ನಾಳೆ ಬೆಳಿಗ್ಗೆ ಪ್ರಿಂಟಿಗೆ ಹೋಗಬೇಕು. ಒಂದೇ ಪದ ಬಾಕಿ. ಸ್ಕ್ರೂ ಜಾಕಿನಲ್ಲಿ ಭಾರ ಎತ್ತಿ ಹ್ಯಾಂಡಲ್ ಬಿಟ್ಟರೂ ಭಾರ ಕೆಳಗೆ ಇಳಿಯೋದಿಲ್ಲ, ಅಲ್ವಾ? ಅದಕ್ಕೆ ‘ಸ್ವಯಂಬಂಧನ’ ಅಂತ ಬರೆದಿದ್ದೆ. ಕರಡು ಓದಿದ ಹುಡುಗನೊಬ್ಬ, “ಸರ್, ಇದರಲ್ಲಿ ಕಟ್ಟಿ ಹಾಕಿರೋದು ಯಾರು?” ಅಂದ. ನನಗೆ ಉತ್ತರ ಹೊಳೆಯಲಿಲ್ಲ.

ಮರು: ಪದ ಬೇಕು
‘ತನ್ಬಿಗಿತ’ ಅಂತ ಬರೆಯಿರಿ. ಹಾಗೇ ಚಾರ್ಟಿನಲ್ಲಿ ‘ಘರ್ಷಣೆ’ ಅಂತ ಇದ್ದರೆ ತೆಗೆದು ‘ತಿಕ್ಕಾಟ’ ಹಾಕಿ. ತಿರುಗು, ತಿರುವು, ತಿರುಪು ಎಲ್ಲಾ ಒಂದೇ ಬೇರಿನವು. ಆದ್ದರಿಂದ ಸ್ಕ್ರೂ ಜಾಕ್ ಕೂಡ ‘ತಿರುಪೆತ್ತುಗ’ ಆಗಬೇಕು. ನಮ್ಮದೇ ಬೇರು ಇರುವಾಗ ಸಾಲ ಯಾಕೆ?

ಮರು: ಮರು: ಪದ ಬೇಕು
ತಿರುಪೆತ್ತುಗ ಬೇಡ. ಯಾವ ಗ್ಯಾರೇಜಿನಲ್ಲಿ ಕೇಳಿದರೂ ಜಾಕೇ. ಪೇಪರಿನಲ್ಲಿ ತಿಕ್ಕಾಟ ಅಂದರೆ ಪಕ್ಷಗಳ ಜಗಳ. ಶಾಲೆಯ ಪುಸ್ತಕದಲ್ಲಿ ಘರ್ಷಣೆ ಇದೆ, ಅದೇ ಇರಲಿ.

ಮೇಷ್ಟ್ರೇ, ನಿಮ್ಮ ಹುಡುಗ ಕೇಳಿದ್ದು ಸರಿ. ಜಾಕಿನೊಳಗೆ ಏನೂ ಬಿಗಿಯುವುದಿಲ್ಲ. ಥ್ರೆಡ್ ಅಂದರೆ ಕಂಬಕ್ಕೆ ಸುತ್ತಿದ ಇಳಿಜಾರು. 30 ಮಿ.ಮೀ. ಸರಾಸರಿ ವ್ಯಾಸ, 6 ಮಿ.ಮೀ. ಪಿಚ್ (ಒಂದು ಸುತ್ತಿಗೆ ಏರುವ ಎತ್ತರ) ಇರುವ ಚೌಕ ಥ್ರೆಡ್ ತೊಗೊಳ್ಳಿ. ಅದರ ಇಳಿಜಾರು ಸುಮಾರು 3.6 ಡಿಗ್ರಿ. ಘರ್ಷಣಾಂಕ 0.15 ಆದರೆ ಘರ್ಷಣ ಕೋನ, ಅಂದರೆ ಭಾರ ತಾನೇ ಜಾರಲು ಶುರುವಾಗುವ ಇಳಿಜಾರು, 8.5 ಡಿಗ್ರಿ. ಇಳಿಜಾರು ಅದಕ್ಕಿಂತ ಕಡಿಮೆ. ಹಾಗಾಗಿ ಭಾರ ಜಾರುವುದಿಲ್ಲ, ಅಷ್ಟೇ. ಇಳಿಸಬೇಕಾದರೂ ನಾವೇ ಹ್ಯಾಂಡಲ್ ತಿರುಗಿಸಬೇಕು.

ಈ ಗುಣ ಪುಕ್ಕಟೆ ಬಂದದ್ದಲ್ಲ. ಇದೇ ಜಾಕಿನಲ್ಲಿ ನಾವು ಹಾಕುವ 100 ಪಾಲು ಕೆಲಸದಲ್ಲಿ ಭಾರ ಎತ್ತಲು ಹೋಗುವುದು ಸುಮಾರು 30. ಉಳಿದದ್ದು ಥ್ರೆಡ್ಡಿನ ಘರ್ಷಣೆಗೆ. ಹೀಗೆ ತಾನೇ ನಿಲ್ಲುವ ಯಾವ ಸ್ಕ್ರೂವಿನ ದಕ್ಷತೆಯೂ ಶೇ. 50 ದಾಟುವುದಿಲ್ಲ. ಚಾರ್ಟಿನಲ್ಲಿ ಹುಡುಗರಿಗೆ ಕಾಣಬೇಕಾದದ್ದು ಇದು. ‘ಬಂಧನ’, ‘ಬಿಗಿತ’ ಎರಡೂ ಘರ್ಷಣೆಯ ಕೆಲಸವನ್ನು ಮುಚ್ಚಿಬಿಡುತ್ತವೆ. ‘ಜಾರದ ಸ್ಕ್ರೂ’ ಅನ್ನಿ. ಇಳಿಜಾರು ಜಾಸ್ತಿಯಾಗಿ ಭಾರ ತಾನೇ ಇಳಿದರೆ ‘ಜಾರುವ ಸ್ಕ್ರೂ’. ಇಂಗ್ಲಿಷಿನಲ್ಲಿ ಇದನ್ನೇ ಓವರ್‌ಹಾಲಿಂಗ್ ಅನ್ನೋದು, ಅದಕ್ಕೂ ಪದ ಸಿಕ್ಕಿತು.

ಮರು: ಮರು: ಮರು: ಪದ ಬೇಕು
‘ಇಳಿಜಾರು’ ಪದದಲ್ಲೇ ‘ಜಾರು’ ಇದೆ. ಒಪ್ಪಿದೆ. ಆದರೆ ಸ್ಕ್ರೂ ಅಲ್ಲ, ತಿರುಪು. ಬಡಗಿಗಳೂ ತಿರುಪು ಅಂತಾರೆ, ಅದು ನಾನು ಕಟ್ಟಿದ ಪದವಲ್ಲ.

ಮರು: ಪದ ಬೇಕು
‘ಜಾರದ ತಿರುಪು’ ಅಂತಲೇ ಹಾಕುತ್ತೇನೆ. ಕೆಳಗೆ ಎರಡೂ ಕೋನಗಳ ಚಿತ್ರ ಬರುತ್ತದೆ. ಜಾಕ್ ಜಾಕೇ ಇರಲಿ.