ಚಂದ್ರವಳ್ಳಿ ಶಾಸನಕ್ಕೆ ಅಡಿಟಿಪ್ಪಣಿ: ಮೂಲ ವರದಿ ಹಾಕಬೇಕೋ, ನಾನು ಓದಿದ ಪುಸ್ತಕವೋ?

ತೊಳಹುಣಸೆ_ಎಂಎ

ಎಲ್ಲರಿಗೂ ನಮಸ್ಕಾರ. ದಾವಣಗೆರೆಯಲ್ಲಿ ಎಂ.ಎ. ಇತಿಹಾಸ, ಕೊನೆಯ ಸೆಮಿಸ್ಟರ್. ಡಿಸರ್ಟೇಶನ್ ವಿಷಯ ಚಿತ್ರದುರ್ಗ ಸುತ್ತಿನ ಹಳೆಯ ಶಾಸನಗಳು. ಚಂದ್ರವಳ್ಳಿಯಲ್ಲಿರುವ ಕದಂಬ ರಾಜ ಮಯೂರಶರ್ಮನ ಶಾಸನದ ಪಾಠ (ಕಲ್ಲಿನ ಬರಹವನ್ನು ಓದಿ ಇಳಿಸಿದ್ದು) ನನಗೆ ಸಿಕ್ಕಿರುವುದು ಈಚಿನ ಒಂದು ಕನ್ನಡ ಪುಸ್ತಕದಲ್ಲಿ. ಅಲ್ಲಿನ ಟಿಪ್ಪಣಿಯಲ್ಲಿ ‘ಮೈಸೂರು ಪುರಾತತ್ತ್ವ ಇಲಾಖೆಯ ವಾರ್ಷಿಕ ವರದಿ, 1929’ ಎಂದಿದೆ. ನೇರವಾಗಿ ಆ ವರದಿಯನ್ನೇ ಹಾಕಬಹುದಾ? ಎಪಿಗ್ರಾಫಿಯಾ ಕರ್ನಾಟಿಕಾ (ಶಾಸನಗಳ ಸಂಪುಟಮಾಲೆ), ಜಿಲ್ಲಾ ಗ್ಯಾಸೆಟಿಯರ್, ಶೋಧಗಂಗಾ ಜಾಲತಾಣದ ಥೀಸಿಸ್ ಇವಕ್ಕೂ ಹೇಗೆ ಕೊಡಬೇಕು ತಿಳಿಸಿ. ನಮ್ಮಲ್ಲಿ ಕೇಳುವುದು ಅಡಿಟಿಪ್ಪಣಿ ಪದ್ಧತಿ.

ಏಳುಸುತ್ತು

ವರದಿಯನ್ನು ತೆರೆದು ನೋಡದೆ ಅದರ ಹೆಸರು ಹಾಕಬೇಡಿ. ಈಗ ಕೈಯಲ್ಲಿರುವುದಕ್ಕೆ ಸರಿಯಾದ ರೂಪ ಇದು: ‘ಎಂ. ಎಚ್. ಕೃಷ್ಣ, ಮೈಸೂರು ಪುರಾತತ್ತ್ವ ಇಲಾಖೆಯ ವಾರ್ಷಿಕ ವರದಿ 1929. ಉದ್ಧೃತ:’ ಎಂದು ಬರೆದು, ಮುಂದೆ ನೀವು ಓದಿದ ಪುಸ್ತಕದ ಲೇಖಕರು, ಹೆಸರು, ಪ್ರಕಾಶಕರು, ವರ್ಷ, ಪುಟ. ಕೊನೆಯ ಗ್ರಂಥಸೂಚಿಯಲ್ಲಿ ಆ ಪುಸ್ತಕ ಮಾತ್ರ ಬರುತ್ತದೆ, ವರದಿ ಬರುವುದಿಲ್ಲ.

ಇದು ಬರೀ ಶಿಸ್ತಿನ ಮಾತಲ್ಲ. ಆ ಬಂಡೆಯ ಬರಹ ಬಹಳ ಸವೆದಿದೆ, ಕೃಷ್ಣರು ಓದಿದ ಪಾಠವನ್ನು ಎಲ್ಲ ವಿದ್ವಾಂಸರೂ ಒಪ್ಪಿಲ್ಲ. ಸವೆದ ಅಕ್ಷರವನ್ನು ಊಹಿಸಿ ತುಂಬಿದಾಗ ಶಾಸನತಜ್ಞರು ಅದನ್ನು ಕಂಸದೊಳಗೆ ಇಡುತ್ತಾರೆ. ಒಬ್ಬರಿಂದೊಬ್ಬರು ಎತ್ತಿಕೊಳ್ಳುವಾಗ ಮೊದಲು ಉದುರುವುದೇ ಈ ಕಂಸ. ಆಮೇಲೆ ಸಂಪಾದಕರ ಊಹೆಯೇ ಕಲ್ಲಿನ ಮೇಲಿದ್ದ ಅಕ್ಷರ ಎಂದಾಗಿಬಿಡುತ್ತದೆ. ಮಯೂರಶರ್ಮ ಯಾವ ಯಾವ ರಾಜರನ್ನು ಗೆದ್ದ ಎಂಬ ವಾದ ನಿಂತಿರುವುದೇ ಅಂಥ ಅಕ್ಷರಗಳ ಮೇಲೆ. ಹಾಗಾಗಿ ‘ಶಾಸನ ಹೀಗೆ ಹೇಳುತ್ತದೆ’ ಎನ್ನುವ ಬದಲು ‘ಕೃಷ್ಣರ ಓದಿನ ಪ್ರಕಾರ’ ಎಂದು ಬರೆಯಿರಿ. ಸಾಧ್ಯವಾದರೆ ವರದಿಯನ್ನೇ ಹುಡುಕಿ, ಕಂಸ ಸಮೇತ ಪಾಠ ಇಳಿಸಿಕೊಳ್ಳಿ. ಆಗ ‘ಉದ್ಧೃತ’ ತೆಗೆದು ವರದಿಯ ಪುಟವನ್ನೇ ಕೊಡಬಹುದು. 1929ರ ವರದಿ ಅಚ್ಚಾದದ್ದು 1931ರಲ್ಲಿ. ಮೊದಲನೆಯದು ವರದಿಯ ಹೆಸರಿನ ಭಾಗ, ಎರಡನೆಯದು ಪ್ರಕಟಣೆಯ ವರ್ಷ. ಎರಡನ್ನೂ ಬರೆಯಿರಿ.

ಗ್ರಂಥಪಾಲ_ದುರ್ಗ

ಎಪಿಗ್ರಾಫಿಯಾ ಕರ್ನಾಟಿಕಾ ಬಗ್ಗೆ ಹೇಳುತ್ತೇನೆ, ಹೆಚ್ಚು ತಪ್ಪಾಗುವುದು ಅಲ್ಲೇ. ಬಿ. ಎಲ್. ರೈಸ್ ಸಂಪಾದಿಸಿದ ಹಳೆಯ 11ನೇ ಸಂಪುಟ ಚಿತ್ರದುರ್ಗ ಜಿಲ್ಲೆಯದು. ಅದರಲ್ಲಿ ಪೀಠಿಕೆ, ಅನುವಾದ, ರೋಮನ್ ಲಿಪಿಯ ಪಾಠ, ಕನ್ನಡ ಲಿಪಿಯ ಪಾಠ ಎಂದು ಭಾಗಗಳಿವೆ, ಪುಟಸಂಖ್ಯೆ ಒಂದೇ ಸಾಲಿನಲ್ಲಿ ಹೋಗುವುದಿಲ್ಲ. ಬರೀ ‘ಪು. 40’ ಎಂದರೆ ಯಾವ ನಲವತ್ತು? ಆದ್ದರಿಂದ ಸಂಪುಟ, ತಾಲ್ಲೂಕು, ಶಾಸನ ಸಂಖ್ಯೆ ಕೊಡಬೇಕು: ‘ಎ.ಕ., ಸಂ. 11, ದಾವಣಗೆರೆ 25’. ಬೇಕಿದ್ದರೆ ಸಾಲಿನ ಸಂಖ್ಯೆ ಸೇರಿಸಿ. ಅನುವಾದದಿಂದ ಎತ್ತಿದ್ದರೆ ‘ಅನುವಾದ ಭಾಗ’ ಎಂದೂ ಬರೆಯಿರಿ.

ಇಲ್ಲಿ ತಾಲ್ಲೂಕು ಎಂದರೆ ರೈಸ್ ಕಾಲದ ತಾಲ್ಲೂಕು. ಮೇಲಿನ ದಾವಣಗೆರೆ 25 ಇರುವುದು ಹರಿಹರದಲ್ಲಿ. ಇವತ್ತಿನ ನಕ್ಷೆ ನೋಡಿ ‘ಹರಿಹರ 25’ ಎಂದು ತಿದ್ದಿದರೆ ಯಾರಿಗೂ ಸಿಗದು. ಮೈಸೂರು ವಿಶ್ವವಿದ್ಯಾನಿಲಯದ ಪರಿಷ್ಕೃತ ಆವೃತ್ತಿಯಲ್ಲಿ ಸಂಪುಟಗಳ ಕ್ರಮವೇ ಬೇರೆ. ಯಾವ ಆವೃತ್ತಿ ಎಂದು ಮೊದಲ ಟಿಪ್ಪಣಿಯಲ್ಲೇ ಹೇಳಿಬಿಡಿ.

ಗ್ಯಾಸೆಟಿಯರ್‌ಗೂ ಇದೇ ನ್ಯಾಯ. ಚಿತ್ರದುರ್ಗದ್ದು 1967ರದು. ಆಗ ರಾಜ್ಯದ ಹೆಸರು ಮೈಸೂರು, ಪುಸ್ತಕದ ಹೆಸರೂ ‘ಮೈಸೂರು ರಾಜ್ಯ ಗ್ಯಾಸೆಟಿಯರ್’. ಅದನ್ನು ‘ಕರ್ನಾಟಕ’ ಎಂದು ಬದಲಿಸಬಾರದು. ದಾವಣಗೆರೆ ಜಿಲ್ಲೆಯಾದದ್ದು 1997ರಲ್ಲಿ, ಹಾಗಾಗಿ ದಾವಣಗೆರೆ, ಹರಿಹರದ ವಿವರವನ್ನೂ ಅದರಲ್ಲೇ ಹುಡುಕಬೇಕು.

ಬೆಣ್ಣೆನಗರಿ

ಟೈಪಿಂಗ್ ವಿಚಾರ ಸೇರಿಸುತ್ತೇನೆ. ‘ಅದೇ, ಪು. 52’ ಎಂಬ, ಅಂದರೆ ಹಿಂದಿನ ಟಿಪ್ಪಣಿಯ ಪುಸ್ತಕವನ್ನೇ ಸೂಚಿಸುವ ಟಿಪ್ಪಣಿಗಳನ್ನು ಕೊನೆಯ ಕರಡಿನವರೆಗೆ ಹಾಕಬೇಡಿ. ನಡುವೆ ಒಂದು ಹೊಸ ಟಿಪ್ಪಣಿ ಸೇರಿದರೆ ಸಾಕು, ‘ಅದೇ’ ಬೇರೆ ಪುಸ್ತಕಕ್ಕೆ ಅಂಟಿಕೊಳ್ಳುತ್ತದೆ. ವರ್ಡ್ ಸಂಖ್ಯೆಯನ್ನು ತಾನೇ ಸರಿಮಾಡುತ್ತದೆ, ‘ಅದೇ’ಯನ್ನು ಸರಿಮಾಡುವುದಿಲ್ಲ. ಅಲ್ಲಿಯವರೆಗೆ ಲೇಖಕರ ಹೆಸರು, ಚುಟುಕು ಶೀರ್ಷಿಕೆ, ಪುಟ ಇಟ್ಟುಕೊಳ್ಳಿ. ಟಿಪ್ಪಣಿ ಸಂಖ್ಯೆಯನ್ನು ಕೈಯಲ್ಲಿ ಟೈಪ್ ಮಾಡದೆ ಕಂಟ್ರೋಲ್, ಆಲ್ಟ್, ಎಫ್ ಒಟ್ಟಿಗೆ ಒತ್ತಿ.

ಹಳೆಯ ನುಡಿ ಫಾಂಟಿನಲ್ಲಿ ಟೈಪ್ ಮಾಡಿದ್ದರೆ ಮೊದಲು ಯೂನಿಕೋಡ್‌ಗೆ ಬದಲಿಸಿ. ಆ ಫಾಂಟಿನ ಹಿಂದಿರುವುದು ಇಂಗ್ಲಿಷ್ ಅಕ್ಷರಗಳ ಸಂಕೇತ. ಗ್ರಂಥಸೂಚಿಯನ್ನು ಅಕಾರಾದಿಗೆ ಜೋಡಿಸಲು ಹೇಳಿದರೆ ಕ್ರಮ ಎಕ್ಕುಟ್ಟಿ ಹೋಗುತ್ತದೆ.

ತೊಳಹುಣಸೆ_ಎಂಎ

ತುಂಬಾ ಉಪಕಾರವಾಯಿತು. ಶಾಸನಪಾಠವನ್ನು ಪೂರ್ತಿ ಕೊಟ್ಟರೆ ಕೃತಿಚೌರ್ಯ ಪತ್ತೆಗೆ ಮಾಡುವ ಸಾಮ್ಯತೆ ಪರೀಕ್ಷೆಯಲ್ಲಿ ಶೇಕಡಾ ಏರುವುದಿಲ್ಲವಾ ಸರ್? ಶೋಧಗಂಗಾ ಬಗ್ಗೆಯೂ ಹೇಳಿ.

ಏಳುಸುತ್ತು

ಯುಜಿಸಿಯ 2018ರ ನಿಯಮದಲ್ಲಿ ಆಕರ ಸಹಿತ ಉದ್ಧರಿಸಿದ ಭಾಗವನ್ನೂ ಗ್ರಂಥಸೂಚಿಯನ್ನೂ ಲೆಕ್ಕದಿಂದ ಬಿಡಬೇಕೆಂದಿದೆ. ಶೇ. 10ರವರೆಗೆ ದಂಡವಿಲ್ಲ. ಅದನ್ನು ಮೀರಿ 40ರವರೆಗೆ ಬಂದರೆ ತಿದ್ದಿ ಮತ್ತೆ ಸಲ್ಲಿಸಬೇಕು. ಪಾಠವನ್ನು ಉದ್ಧರಣ ಚಿಹ್ನೆಯೊಳಗೆ ಇಡಿ, ಇಲ್ಲದಿದ್ದರೆ ತಂತ್ರಾಂಶ ಅದನ್ನು ಬಿಡುವುದಿಲ್ಲ. ಅಪಾಯ ಇರುವುದು ಶಾಸನದಲ್ಲಲ್ಲ, ಅದರ ಕೆಳಗೆ ಪುಸ್ತಕದವರು ಬರೆದ ವಿವರಣೆಯನ್ನು ನಾಲ್ಕು ಪದ ಬದಲಿಸಿ ಹಾಕಿಕೊಳ್ಳುವುದರಲ್ಲಿ. ಅದಕ್ಕೂ ಟಿಪ್ಪಣಿ ಬೇಕು, ವಾಕ್ಯವೂ ನಿಮ್ಮದಾಗಿರಬೇಕು.

ಶೋಧಗಂಗಾದಲ್ಲಿ ಥೀಸಿಸ್ ಅಧ್ಯಾಯಕ್ಕೊಂದು ಪಿಡಿಎಫ್ ಆಗಿ ಇರುತ್ತದೆ. ಪರದೆಯ ಮೇಲೆ ಕಾಣುವ ಪುಟ 7 ಅಸಲಿಗೆ 93 ಇರಬಹುದು. ಹಾಳೆಯ ಮೇಲೆ ಅಚ್ಚಾದ ಸಂಖ್ಯೆಯನ್ನೇ ಕೊಡಿ. ಜೊತೆಗೆ ‘ಅಪ್ರಕಟಿತ ಪಿಎಚ್.ಡಿ. ಪ್ರಬಂಧ’, ವಿಶ್ವವಿದ್ಯಾನಿಲಯ, ವರ್ಷ, ಇಡೀ ಥೀಸಿಸ್‌ನ ಹ್ಯಾಂಡಲ್ ಕೊಂಡಿ (ಅದರ ಶಾಶ್ವತ ವೆಬ್ ವಿಳಾಸ). ಒಂದು ಅಧ್ಯಾಯದ ಪಿಡಿಎಫ್ ಕೊಂಡಿ ಬೇಡ.

ಗ್ರಂಥಪಾಲ_ದುರ್ಗ

ಹೆಸರಿನ ಬಗ್ಗೆ ಒಂದು ಮಾತು. ಆಕರಗಳನ್ನು ಜೋಡಿಸಿಡುವ ಜೊಟೆರೊ ತಂತ್ರಾಂಶ ಬಳಸುವುದಾದರೆ ಅದು ಕೊನೆಯ ಪದವನ್ನು ಮನೆತನದ ಹೆಸರು ಎಂದುಕೊಳ್ಳುತ್ತದೆ. ನಮ್ಮಲ್ಲಿ ಊರಿನ ಹೆಸರು ಮುಂದಿರುತ್ತದೆ. ‘ಹುಲ್ಲೂರು ಶ್ರೀನಿವಾಸ ಜೋಯಿಸ’ ಎಂಬುದು ‘ಜೋಯಿಸ, ಹುಲ್ಲೂರು ಶ್ರೀನಿವಾಸ’ ಆಗಿ ಜ ಅಕ್ಷರಕ್ಕೆ ಹೋಗುತ್ತದೆ. ಕನ್ನಡ ಸೂಚಿಯಲ್ಲಿ ‘ಶ್ರೀನಿವಾಸ ಜೋಯಿಸ, ಹುಲ್ಲೂರು’ ಎಂದಿದ್ದರೆ ಹುಡುಕುವವರಿಗೆ ಸಿಗುತ್ತದೆ. ‘ಶ್ರೀನಿವಾಸ ಜೋಯಿಸ’ ಎಂಬುದನ್ನು ಕೊನೆಯ ಹೆಸರಿನ ಖಾನೆಗೂ ‘ಹುಲ್ಲೂರು’ ಎಂಬುದನ್ನು ಮೊದಲ ಹೆಸರಿನ ಖಾನೆಗೂ ನೀವೇ ತುಂಬಿ.